ಕನ್ನಡ ಸೋಲುವುದು ನವೆಂಬರಿನಲ್ಲಲ್ಲ, ಮೇ ತಿಂಗಳಲ್ಲಿ!



ಅಕ್ಟೋಬರ್ 20 ದಾಟಿತೆಂದರೆ ನನ್ನ ಪ್ರೆಸ್ಸಿನಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ರಾಜ್ಯೋತ್ಸವದ ಕರಪತ್ರ, ಪೋಸ್ಟರು, ಚಂದಾ ರಸೀದಿ ಪುಸ್ತಕ, ಆರ್ಕೆಸ್ಟ್ರಾದ ಆಹ್ವಾನ ಪತ್ರಿಕೆ. ಹಳದಿ, ಕೆಂಪು ಇಂಕು ತರಿಸಿ ತರಿಸಿ ಸಾಕಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಬಂದು "ಅಣ್ಣಾ, ಬೆಳಿಗ್ಗೆಗೆ ಬೇಕೇ ಬೇಕು" ಎಂದು ಕೂರುವವರು ನೀವೇ. ನಿಮ್ಮ ದುಡ್ಡಿನಲ್ಲಿ ನನ್ನ ಮನೆ ನಡೆಯುತ್ತದೆ, ಸುಳ್ಳು ಹೇಳಲಾರೆ.

ಆದರೆ ಇದೇ ಪ್ರೆಸ್ಸಿಗೆ ಏಪ್ರಿಲ್, ಮೇ ತಿಂಗಳಲ್ಲಿ ಬೇರೆ ಗಿರಾಕಿಗಳು ಬರುತ್ತಾರೆ. 'ಅಡ್ಮಿಷನ್ ಓಪನ್' ಎಂಬ ಹ್ಯಾಂಡ್ ಬಿಲ್ಲು ಐದು ಸಾವಿರ, ಹತ್ತು ಸಾವಿರದ ಲೆಕ್ಕದಲ್ಲಿ ಬೇಕು ಅವರಿಗೆ. ಟೈ ಕಟ್ಟಿದ ಬಿಳಿ ಮಗುವಿನ ಚಿತ್ರ, ಹಳದಿ ವ್ಯಾನಿನ ಚಿತ್ರ, ಒಂದಕ್ಷರ ಕನ್ನಡವಿಲ್ಲ. ಆ ಎರಡು ತಿಂಗಳು ನಿಮ್ಮಲ್ಲಿ ಒಬ್ಬರೂ ನನ್ನ ಅಂಗಡಿಯ ಕಡೆ ತಲೆ ಹಾಕುವುದಿಲ್ಲ. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇಷ್ಟೇ: ಕನ್ನಡದ ಹಣೆಬರಹ ಬರೆದು ಮುಗಿಸುವುದು ಆ ಎರಡು ತಿಂಗಳಲ್ಲಿ. ನವೆಂಬರಿನಲ್ಲಿ ನಾವು ಮಾಡುವುದು ಅದರ ವಾರ್ಷಿಕ ಪೂಜೆ ಮಾತ್ರ.

ಈ ಸಲದ ಬೇಸಿಗೆಯಲ್ಲಿ ಬಂದ ಒಬ್ಬ ಗಿರಾಕಿಯ ವಿಷಯ ಹೇಳಲೇಬೇಕು. ನಮ್ಮ ತಾಲ್ಲೂಕಿನ ಒಂದು ಹಳ್ಳಿಯ ಚರ್ಚಿನ ಫಾದರ್ ಅವರು. ಹಳೆಯ ಬೈಕಿನಲ್ಲಿ ಬಂದರು. ಕೈಯಲ್ಲಿ ಒಂದು ಕಟ್ಟು. ಚರ್ಚಿನ ಪ್ರಾಥಮಿಕ ಶಾಲೆಯ ಪ್ರವೇಶದ ಅರ್ಜಿಗಳು, ಹೋದ ವರ್ಷ ನಾನೇ ಅಚ್ಚು ಹಾಕಿ ಕೊಟ್ಟದ್ದು.

"ಹೋದ ಸಲ ಐವತ್ತು ಮಾಡಿಸಿದ್ದೆ. ನಲವತ್ತೊಂದು ಉಳಿದಿದೆ. ಹೊಸದು ಬೇಡ. ಇಸವಿಯ ಮೇಲೆ ಸಣ್ಣ ಸ್ಟಿಕ್ಕರ್ ಅಂಟಿಸಿಕೊಟ್ಟರೆ ಸಾಕಪ್ಪ" ಎಂದರು.

ಐವತ್ತರಲ್ಲಿ ನಲವತ್ತೊಂದು ಕಳೆದರೆ ಒಂಬತ್ತು. ಒಂದು ವರ್ಷಕ್ಕೆ, ಸುತ್ತಲಿನ ನಾಲ್ಕು ಹಳ್ಳಿಗೆ ಸೇರಿ ಒಂಬತ್ತು ಮಕ್ಕಳು! ನಾನು ಅರ್ಜಿ ಕಟ್ಟನ್ನು ಹಿಡಿದುಕೊಂಡು ಸುಮ್ಮನೆ ನಿಂತೆ. ಏಕೆಂದರೆ ಅದು ನಾನು ಓದಿದ ಶಾಲೆ.

ಕಿವಿ ಮುಟ್ಟಿದರೆ ಸೀಟು

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿ ಉಳಿದಿರುವ ಇಬ್ಬರು ಮೇಷ್ಟ್ರುಗಳಿಗೆ ಕಿರಿಕಿರಿ. ಮೈಸೂರು ಸೀಮೆಯ ಒಂದು ಹಳ್ಳಿ ಎಂದುಕೊಳ್ಳಿ. ಹೆಂಚಿನ ಚರ್ಚು, ಪಕ್ಕದಲ್ಲಿ ಹೆಂಚಿನ ಶಾಲೆ, ನಡುವೆ ಒಂದು ಹುಣಸೆಮರ. ಒಂದರಿಂದ ಏಳನೇ ತರಗತಿ. ಕನ್ನಡ ಮಾಧ್ಯಮ.

ನನ್ನನ್ನು ಅಲ್ಲಿಗೆ ಸೇರಿಸಿದ್ದು 1985ರಲ್ಲಿ. ಅರ್ಜಿ ಗಿರ್ಜಿ ಏನೂ ಇರಲಿಲ್ಲ. ನಮ್ಮಪ್ಪ ಹೊಲದ ಕೆಲಸ ಬಿಟ್ಟು, ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ನಿಂತರು. ದೊಡ್ಡ ಸಿಸ್ಟರ್ ನನ್ನನ್ನು ಹತ್ತಿರ ಕರೆದು, "ತಲೆ ಮೇಲಿಂದ ಕೈ ತಂದು ಆ ಕಡೆ ಕಿವಿ ಮುಟ್ಟು ಮರಿ" ಎಂದರು. ಬೆರಳು ಕಿವಿಗೆ ಸಿಕ್ಕಿತು. ಮುಗಿಯಿತು ಅಡ್ಮಿಷನ್. ಹುಟ್ಟಿದ ದಿನ ಅಪ್ಪನಿಗೆ ಗೊತ್ತಿರಲಿಲ್ಲ. "ಮಾರಿಹಬ್ಬದ ಆಚೆ ವಾರ ತಾಯಿ" ಎಂದರು. ಸಿಸ್ಟರ್ ಜೂನ್ 1 ಎಂದು ಬರೆದುಕೊಂಡರು. ಇವತ್ತಿಗೂ ನನ್ನ ಆಧಾರ್ ಕಾರ್ಡಿನಲ್ಲಿ ಇರುವುದು ಸಿಸ್ಟರ್ ಕೊಟ್ಟ ಆ ಹುಟ್ಟುಹಬ್ಬವೇ!

ಜಾತಿ ಕೇಳಿದ್ದು ರಿಜಿಸ್ಟರಿಗೆ ಬರೆಯಲು, ಬೆಂಚಿನಲ್ಲಿ ಕೂರಿಸಲು ಅಲ್ಲ. ನನ್ನ ಬಲಕ್ಕೆ ಕ್ರೈಸ್ತರ ಹುಡುಗ, ಎಡಕ್ಕೆ ಕೇರಿಯ ಹುಡುಗ, ಹಿಂದೆ ಸಾಬರ ಹುಡುಗಿ. ಮಧ್ಯಾಹ್ನ ಗೋಧಿ ನುಚ್ಚಿನ ಉಪ್ಪಿಟ್ಟು, ಎಲ್ಲರಿಗೂ ಒಂದೇ ಪಾತ್ರೆಯಿಂದ. ಡೊನೇಷನ್ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಪಿಯುಸಿಗೆ ಬಂದ ಮೇಲೆ.

ಪಿಯುಸಿ ಆದ ಮೇಲೆ ಓದು ನಿಂತಿತು. ಪ್ರೆಸ್ಸಿಗೆ ಮೊಳೆ ಜೋಡಿಸುವ ಹುಡುಗನಾಗಿ ಸೇರಿದೆ. ಅಚ್ಚಿನ ಮೊಳೆಯಲ್ಲಿ ಅಕ್ಷರ ಕನ್ನಡಿಯೊಳಗಿನಂತೆ ತಿರುಗಿಕೊಂಡಿರುತ್ತದೆ. ಒತ್ತು, ದೀರ್ಘ, ಅರ್ಕಾವತ್ತು ಕೈಗೆ ಗೊತ್ತಿಲ್ಲದವನು ಅಲ್ಲಿ ಒಂದು ದಿನ ನಿಲ್ಲಲಾರ. ನಾನು ನಿಂತೆ. ಆ ಕೈ ಕೊಟ್ಟದ್ದು ಆ ಹೆಂಚಿನ ಶಾಲೆ. ಇವತ್ತು ಮೊಳೆ ಹೋಗಿ ಕಂಪ್ಯೂಟರ್ ಬಂದಿದೆ, ಟ್ರೆಡಲ್ ಹೋಗಿ ಆಫ್‌ಸೆಟ್ ಬಂದಿದೆ. ಅಕ್ಷರ ಅದೇ.

ಮೂರನೇ ವರ್ಷಕ್ಕೇ ಬಲೆ

ಹಾಗಾದರೆ ಮಕ್ಕಳು ಎಲ್ಲಿಗೆ ಹೋದರು? ಹಳ್ಳಿಯಲ್ಲಿ ಮಕ್ಕಳೇ ಹುಟ್ಟುತ್ತಿಲ್ಲವೇ? ಬೆಳಿಗ್ಗೆ ಎಂಟಕ್ಕೆ ಆ ಹುಣಸೆಮರದ ಕೆಳಗೆ ನಿಂತು ನೋಡಿ. ಮೂರು ಹಳದಿ ವ್ಯಾನುಗಳು ಬರುತ್ತವೆ. ಶಾಲೆಯ ಗೇಟಿನ ಮುಂದೆಯೇ ಮಕ್ಕಳನ್ನು ತುಂಬಿಕೊಂಡು ಪಟ್ಟಣಕ್ಕೆ ಹೋಗುತ್ತವೆ. ಶಾಲೆಯ ಮುಂದಿನಿಂದಲೇ ಮಕ್ಕಳು ಬೇರೆ ಶಾಲೆಗೆ!

ಇದರ ಗುಟ್ಟು ಹೇಳುತ್ತೇನೆ ಕೇಳಿ. ಒಂದನೇ ತರಗತಿಗೆ ಮಗುವಿಗೆ ಆರು ವರ್ಷ ತುಂಬಿರಬೇಕು ಎನ್ನುವುದು ಸರ್ಕಾರದ ನಿಯಮ. 2025-26ರ ಸಾಲಿಗೆ ಮಾತ್ರ, ಯುಕೆಜಿ ಮುಗಿಸಿದ ಮಕ್ಕಳಿಗೆಂದು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದರು. ಹಳ್ಳಿಯ ಕನ್ನಡ ಶಾಲೆ ಬಾಗಿಲು ತೆರೆಯುವುದೇ ಒಂದನೇ ತರಗತಿಯಿಂದ. ಅದಕ್ಕೆ ಮೊದಲು ಅಂಗನವಾಡಿ. ಆದರೆ ಇಂಗ್ಲಿಷ್ ಶಾಲೆಯವನು ಮಗುವನ್ನು ಮೂರನೇ ವರ್ಷಕ್ಕೇ ಹಿಡಿಯುತ್ತಾನೆ. ನರ್ಸರಿ, ಎಲ್‌ಕೆಜಿ, ಯುಕೆಜಿ. ನಮ್ಮ ಮೇಷ್ಟ್ರು ಅರ್ಜಿ ಹಿಡಿದು ಮನೆ ಬಾಗಿಲಿಗೆ ಹೋಗುವ ಹೊತ್ತಿಗೆ ಮಗುವಿಗೆ ಟೈ ಬಂದು, ಬ್ಯಾಗ್ ಬಂದು, ವ್ಯಾನಿನ ಗೆಳೆಯರು ಬಂದು ಮೂರು ವರ್ಷ ಕಳೆದಿರುತ್ತದೆ. "ಅಲ್ಲೇ ಅಭ್ಯಾಸ ಆಗ್ಬಿಟ್ಟೈತೆ ಮೇಷ್ಟ್ರೇ, ಈಗ ಬಿಡಿಸಾಕಾಗಲ್ಲ" ಎನ್ನುತ್ತಾರೆ ತಾಯಂದಿರು. ಒಂದನೇ ತರಗತಿಯ ಅಡ್ಮಿಷನ್ನಿನಲ್ಲಿ ನಾವು ಸೋಲುತ್ತಿಲ್ಲ. ಅದಕ್ಕೆ ಮೂರು ವರ್ಷ ಮೊದಲೇ ಸೋತಿರುತ್ತೇವೆ.

ಆ ತಾಯಂದಿರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಗಾರ್ಮೆಂಟ್ಸಿಗೆ ಹೋಗುವ ಒಬ್ಬಾಕೆ ನನಗೆ ನೇರವಾಗಿ ಹೇಳಿದಳು: "ಅಣ್ಣ, ನಮ್ ಸೂಪರ್‌ವೈಜರ್ ಇಂಗ್ಲಿಷಲ್ಲಿ ಬೈತಾನೆ. ಏನಂದ ಅಂತನಾದ್ರೂ ನನ್ ಮಗಳಿಗೆ ಗೊತ್ತಾಗ್ಲಿ." ಏನು ಹೇಳುತ್ತೀರಿ ಇದಕ್ಕೆ? ಸರೋಜಿನಿ ಮಹಿಷಿ ವರದಿ ಬಂದದ್ದು 1986ರಲ್ಲಿ. ಕನ್ನಡಿಗನಿಗೆ ಕೆಲಸ ಕೊಡಿ ಎಂದ ಆ ವರದಿಯನ್ನು ಒಂದಾದ ಮೇಲೊಂದು ಸರ್ಕಾರ ಕಪಾಟಿನಲ್ಲಿಟ್ಟು ಧೂಳು ಹಿಡಿಸಿತು. ಕನ್ನಡಕ್ಕೆ ಅನ್ನ ಕೊಡದವರು, ಬಡವರ ಮಕ್ಕಳು ಮಾತ್ರ ಕನ್ನಡ ಉಳಿಸಲಿ ಎಂದರೆ ಅದು ಯಾವ ನ್ಯಾಯ?

ಆದರೆ ಆ ತಾಯಿಗೆ ಯಾರೂ ಹೇಳದ ಮಾತೂ ಒಂದಿದೆ. ಕರ್ನಾಟಕದಲ್ಲಿ 2007-08ರಿಂದಲೇ ಕನ್ನಡ ಶಾಲೆಯಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಇಂಗ್ಲಿಷ್ ಕಲಿಯುವುದು ಬೇರೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಯುವುದು ಬೇರೆ. ಮನೆಯಲ್ಲಿ ಒಂದಕ್ಷರ ಇಂಗ್ಲಿಷ್ ಇಲ್ಲದ ಮಗುವಿಗೆ ಮಳೆ ಹೇಗೆ ಬರುತ್ತದೆ ಎಂಬುದನ್ನೂ ಇಂಗ್ಲಿಷಿನಲ್ಲಿ ಹೇಳಿದರೆ ಅದಕ್ಕೆ ಮಳೆಯೂ ತಿಳಿಯದು, ಇಂಗ್ಲಿಷೂ ಬಾರದು. ವ್ಯಾನಿನಲ್ಲಿ ಹೋಗುವ ಎಷ್ಟೋ ಮಕ್ಕಳು ಆರನೇ ತರಗತಿಗೆ ಬಂದರೂ ಎರಡು ಭಾಷೆಯಲ್ಲೂ ಒಂದು ಪತ್ರ ಬರೆಯಲಾರರು. ಹಳ್ಳಿಗೆ ಹೋದಾಗ ನಿಮ್ಮ ಅಕ್ಕನ ಮಕ್ಕಳನ್ನೇ ಕೂರಿಸಿ ಪರೀಕ್ಷೆ ಮಾಡಿ ನೋಡಿ.

ಎರಡು ಬಣ್ಣದ ಅರ್ಜಿ

ಈಗ ಕಾನೂನಿನ ಕಥೆ. ನಿಮ್ಮಲ್ಲಿ ಅನೇಕರು ಆಗಿನ್ನೂ ಹುಟ್ಟಿರಲಿಲ್ಲ, ಅದಕ್ಕೆ ಹೇಳುತ್ತೇನೆ. 1982ರ ಗೋಕಾಕ್ ಚಳವಳಿಯಲ್ಲಿ ಡಾ. ರಾಜ್‌ಕುಮಾರ್ ಬೀದಿಗಿಳಿದರು, ನಾಡೇ ಎದ್ದು ನಿಂತಿತು. 1994ರಲ್ಲಿ ಸರ್ಕಾರ ಆದೇಶ ಹೊರಡಿಸಿತು: ಒಂದರಿಂದ ನಾಲ್ಕನೇ ತರಗತಿಯವರೆಗೆ ಪಾಠ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ. ಗೆದ್ದೆವು ಎಂದುಕೊಂಡೆವು. ಆಗ ಏನಾಯಿತು ಗೊತ್ತೇ? ಕನ್ನಡ ಮಾಧ್ಯಮ ಎಂದು ಅನುಮತಿ ತೆಗೆದುಕೊಂಡು ಒಳಗೆ ಇಂಗ್ಲಿಷಿನಲ್ಲಿ ಪಾಠ ನಡೆಸಿದರು. ಪ್ರೆಸ್ಸಿನವನಾಗಿ ನಾನೇ ಸಾಕ್ಷಿ. ಒಂದೇ ಶಾಲೆಗೆ ಎರಡು ಬಗೆಯ ಅರ್ಜಿ ಅಚ್ಚು ಹಾಕಿಕೊಟ್ಟಿದ್ದೇನೆ. ಬಿಳಿ ಕಾಗದದ ಕನ್ನಡ ಅರ್ಜಿ ಇಲಾಖೆಗೆ ತೋರಿಸಲು, ನೀಲಿ ಕಾಗದದ ಇಂಗ್ಲಿಷ್ ಅರ್ಜಿ ಅಪ್ಪ-ಅಮ್ಮಂದಿರಿಗೆ ಕೊಡಲು. 2006ರಲ್ಲಿ ಸರ್ಕಾರ ಇಂಥ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದು ಮಾಡಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

ಆಮೇಲೆ ಕೋರ್ಟು. 2008ರಲ್ಲಿ ಹೈಕೋರ್ಟು ಆ ಆದೇಶ ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಅನ್ವಯಿಸದು ಎಂದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯಲ್ಲೇ ಕಲಿಸಿ ಎಂದು ಸರ್ಕಾರ ಹೇರುವಂತಿಲ್ಲ ಎಂದು ತೀರ್ಪು ಕೊಟ್ಟಿತು. ನೋಡಿ, ಅದೂ ಮೇ ತಿಂಗಳೇ! ಅದೇ ದಿನ ಇನ್ನೊಂದು ತೀರ್ಪು: 2009ರ ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವುದಿಲ್ಲ, ಅನುದಾನ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಆ ಎರಡನೇ ತೀರ್ಪು ಸರಿಯೇ ಎಂದು 2025ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಅನುಮಾನಪಟ್ಟು, ದೊಡ್ಡ ಪೀಠ ನೋಡಲಿ ಎಂದಿದ್ದಾರೆ.

ಸರ್ಕಾರದ ಕೈಯೂ ಶುದ್ಧವಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಶೇಕಡ 25ರ ಸೀಟು ನಮ್ಮಲ್ಲಿ ಜಾರಿಯಾದದ್ದು 2012-13ರಲ್ಲಿ. ಬಡ ಮಕ್ಕಳಿಗೆ ಒಳ್ಳೆಯದಾಗಲಿ ಎಂಬುದು ಉದ್ದೇಶ. ಆದದ್ದೇನು? ಹಳ್ಳಿಯ ಕನ್ನಡ ಶಾಲೆಯಲ್ಲಿ ಕೂರಬೇಕಾದ ಮಗುವನ್ನು ಸರ್ಕಾರವೇ ಫೀಸು ಕೊಟ್ಟು ಖಾಸಗಿ ಇಂಗ್ಲಿಷ್ ಶಾಲೆಗೆ ಕಳಿಸಿದಂತಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಗೆ ಕಳಿಸಬೇಡಿ ಎಂದು ನಿಯಮ ತಿದ್ದುವ ಹೊತ್ತಿಗೆ 2019 ಬಂದಿತ್ತು. ಅದೇ 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನು ಸರ್ಕಾರವೇ ಶುರು ಮಾಡಿತು. ಒಂದು ಕೈಯಲ್ಲಿ ಮುಲಾಮು, ಇನ್ನೊಂದು ಕೈಯಲ್ಲಿ ಮಚ್ಚು!

ಇನ್ನು ಅನುದಾನಿತ ಶಾಲೆಯ ಪಾಡು. ಮೇಷ್ಟ್ರಿಗೆ ಸಂಬಳ ಸರ್ಕಾರದ್ದು. ಅವರು ನಿವೃತ್ತಿಯಾದರೆ ಆ ಜಾಗಕ್ಕೆ ಹೊಸಬರನ್ನು ತುಂಬಲು ಸರ್ಕಾರದ ಅನುಮತಿ ಬೇಕು. ಅನುಮತಿಗೆ ವರ್ಷಗಟ್ಟಲೆ ಅಲೆಯಬೇಕು. ಅಷ್ಟರಲ್ಲಿ ಮೇಷ್ಟ್ರಿಲ್ಲವೆಂದು ಮಕ್ಕಳು ಬಿಡುತ್ತಾರೆ. ಮಕ್ಕಳಿಲ್ಲವೆಂದು ಸರ್ಕಾರ ಹುದ್ದೆ ಕೊಡುವುದಿಲ್ಲ. ಗಾಣದೆತ್ತು ಸುತ್ತಿದ ಹಾಗೆ. ನಮ್ಮೂರ ಶಾಲೆಯಲ್ಲಿ ಈಗ ಏಳು ತರಗತಿಗೆ ಇಬ್ಬರು ಮೇಷ್ಟ್ರುಗಳು. ಒಬ್ಬರಿಗೆ ಸರ್ಕಾರದ ಸಂಬಳ, ಅವರಿಗೆ ಇನ್ನೆರಡು ವರ್ಷಕ್ಕೆ ನಿವೃತ್ತಿ. ಇನ್ನೊಬ್ಬರು ಚಿಕ್ಕ ವಯಸ್ಸಿನ ಟೀಚರಮ್ಮ. ಅವರಿಗೆ ಚರ್ಚಿನ ಕಾಣಿಕೆ ಡಬ್ಬಿಯಿಂದ ಸಂಬಳ, ಅದೂ ಡಬ್ಬಿ ತುಂಬಿದ ತಿಂಗಳು. ಇದನ್ನು ಹೇಳುವಾಗ ಫಾದರ್ ನಕ್ಕರು. ನನಗೆ ನಗು ಬರಲಿಲ್ಲ.

ಚರ್ಚಿನ ಶಾಲೆ ಎಂದು ಮೂಗು ಮುರಿಯುವವರಿಗೆ

ಈ ವಿಷಯ ನಮ್ಮ ಹುಡುಗರ ಮುಂದೆ ಎತ್ತಿದಾಗ ಒಬ್ಬ ಅಂದ: "ಹೋಗ್ಲಿ ಬಿಡಣ್ಣ, ಚರ್ಚಿನ ಶಾಲೆ ತಾನೇ? ಮುಚ್ಚಿದರೆ ನಮಗೇನು? ಮತಾಂತರ ಮಾಡ್ತಾರೆ."

ತಮ್ಮಾ, ನಾನು ಏಳು ವರ್ಷ ಅಲ್ಲಿ ಓದಿದೆ. ಇವತ್ತಿಗೂ ನಮ್ಮ ಮನೆದೇವರ ಜಾತ್ರೆಗೆ ಮೊದಲು ಹೋಗುವವನು ನಾನೇ. ಸಂವಿಧಾನದ 28ನೇ ವಿಧಿ ಓದು. ಸರ್ಕಾರದ ಅನುದಾನ ಪಡೆಯುವ ಶಾಲೆಯಲ್ಲಿ ತಂದೆತಾಯಿಯ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಪಾಠಕ್ಕೆ ಕೂರಿಸುವಂತಿಲ್ಲ. 29ನೇ ವಿಧಿ ಓದು. ಅಂಥ ಶಾಲೆ ಜಾತಿ, ಧರ್ಮ, ಭಾಷೆಯ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಕಾನೂನು ಇಷ್ಟು ಕಾವಲು ಹಾಕಿದೆ. ಅದು ಸಾಲದೆಂದರೆ ನೀನೇ ಹೋಗಿ ವಾರಕ್ಕೊಂದು ಗಂಟೆ ಅಲ್ಲಿ ಪಾಠ ಮಾಡು. ಕಾವಲೂ ಆಯಿತು, ಕನ್ನಡದ ಕೆಲಸವೂ ಆಯಿತು.

ಇನ್ನೊಂದು ಮಾತು. ನಾನು ಪ್ರೆಸ್ಸಿನವನು, ನನಗೆ ಅನ್ನ ಕೊಡುವ ಕಸುಬಿನ ಇತಿಹಾಸವನ್ನು ಮರೆಯಲಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕೆಲವೇ ವರ್ಷಗಳಲ್ಲಿ ಅಲ್ಲಿ ಅಚ್ಚುಕೂಟ ತೆರೆದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟಿತು, ಹೊರಡಿಸಿದವರು ಪಾದ್ರಿ ಮೋಗ್ಲಿಂಗ್. ಅದು ಕಲ್ಲಚ್ಚಿನ ಕಾಲ. ಕಿಟೆಲ್ ಸಾಹೇಬರ ಕನ್ನಡ ನಿಘಂಟು ಬಂದದ್ದು 1894ರಲ್ಲಿ. ನಿಮ್ಮ ಬಾಯಲ್ಲಿ ಸರ್ವಜ್ಞನ ತ್ರಿಪದಿಗಳು ಓಡಾಡುತ್ತವಲ್ಲ, ಊರೂರು ತಿರುಗಿ ಅವನ್ನು ಕಲೆಹಾಕಿ 1924ರಲ್ಲಿ ಪುಸ್ತಕ ಮಾಡಿಕೊಟ್ಟವರು ಉತ್ತಂಗಿ ಚನ್ನಪ್ಪನವರು. ಅವರು ಚರ್ಚಿನ ಪಾದ್ರಿ! 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸಾಗರದ ನಾ. ಡಿಸೋಜ ಅವರ ಮನೆಮಾತು ಕೊಂಕಣಿ, ಬರೆದದ್ದು ಕನ್ನಡದಲ್ಲಿ. 2014ರ ಮಡಿಕೇರಿ ಸಮ್ಮೇಳನದ ಅಧ್ಯಕ್ಷರಾದರು. ಇವರನ್ನೆಲ್ಲ ಹೊರಗಿಟ್ಟು ಯಾವ ಕನ್ನಡ ಕಟ್ಟುತ್ತೀಯಪ್ಪ?

ಹಾಗೆಂದು ಚರ್ಚಿನ ದೊಡ್ಡವರನ್ನು ಸುಮ್ಮನೆ ಬಿಡುವುದಿಲ್ಲ. ಬಿಷಪ್ಪರ ಕಚೇರಿಗಳಲ್ಲಿ ಕುಳಿತವರು ಈ ಮಾತು ಕೇಳಿಸಿಕೊಳ್ಳಬೇಕು. ಪಟ್ಟಣದಲ್ಲಿ ನಿಮ್ಮ ಕಾನ್ವೆಂಟುಗಳಿವೆ. ಅಲ್ಲಿ ಅಡ್ಮಿಷನ್ನಿಗೆ ಶಾಸಕರ ಶಿಫಾರಸು ಪತ್ರ ಹಿಡಿದು ಜನ ನಿಲ್ಲುತ್ತಾರೆ. ಅಲ್ಲಿ ಕನ್ನಡ ಒಂದು ಪೀರಿಯಡ್ಡಿನ ಅತಿಥಿ. ಹಳ್ಳಿಯಲ್ಲಿ ನಿಮ್ಮದೇ ಕನ್ನಡ ಶಾಲೆ, ಅಲ್ಲಿ ಹೆಂಚು ಸೋರುತ್ತದೆ. ಉಳ್ಳವನಿಗೆ ಇಂಗ್ಲಿಷ್, ಇಲ್ಲದವನಿಗೆ ಕನ್ನಡ ಎಂದು ನೀವೇ ಎರಡು ಪಂಕ್ತಿ ಹಾಕಿದರೆ ಬಡವನಿಗೆ ಕನ್ನಡದ ಮೇಲೆ ಯಾವ ಗೌರವ ಉಳಿಯುತ್ತದೆ?

ಎರಡನೇ ವ್ಯಾಟಿಕನ್ ಮಹಾಸಭೆ ನಡೆದದ್ದು 1962ರಿಂದ 65ರವರೆಗೆ. ಅದರ ನಂತರ ನಿಮ್ಮ ಪೂಜೆ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬಂತು. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡಕ್ಕೆ ಜಾಗ ಬೇಕೆಂದು ಕನ್ನಡ ಕ್ರೈಸ್ತರು ವರ್ಷಾನುಗಟ್ಟಲೆ ಹೋರಾಡಿದರು, ಬೈಸಿಕೊಂಡರು, ಏಟು ತಿಂದರು. ಅವರು ಪೂಜಾಪೀಠಕ್ಕೆ ತಂದ ಕನ್ನಡ, ಪಕ್ಕದ ಶಾಲೆಯ ಕರಿಹಲಗೆಯಿಂದ ಅಳಿಸಿಹೋಗುವುದನ್ನು ನೋಡುತ್ತ ಕೂರುತ್ತೀರಾ? ನಿಮ್ಮ ಶಾಲೆಯನ್ನು ನಿಮ್ಮ ಇಷ್ಟದಂತೆ ನಡೆಸುವ ಹಕ್ಕನ್ನು 30ನೇ ವಿಧಿ ಕೊಟ್ಟಿದೆ. ಕನ್ನಡದಲ್ಲಿ ಚೆನ್ನಾಗಿ ನಡೆಸಬೇಡಿ ಎಂದು ಯಾವ ಕೋರ್ಟೂ ಹೇಳಿಲ್ಲ. ಒಂದು ಕಾನ್ವೆಂಟಿನ ಆದಾಯದಲ್ಲಿ ಒಂದು ಪಾಲು ತೆಗೆದರೆ ಹಳ್ಳಿಯ ಆ ಟೀಚರಮ್ಮನಿಗೆ ತಿಂಗಳ ಒಂದನೇ ತಾರೀಕು ಸಂಬಳ ಕೊಡಬಹುದು.

ನನ್ನ ಪಾಲಿನ ತಪ್ಪು

ಇಷ್ಟೆಲ್ಲ ಬರೆದ ಮೇಲೆ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. "ನಿನ್ನ ಮಗಳನ್ನು ಎಲ್ಲಿ ಓದಿಸಿದೆ?"

ಇಂಗ್ಲಿಷ್ ಶಾಲೆಯಲ್ಲಿ. ಮುಚ್ಚಿಡುವುದಿಲ್ಲ. ಮನೆಯವಳು ಹಟ ಹಿಡಿದಳು ಎಂದು ಎಷ್ಟೋ ಜನರಿಗೆ ಹೇಳಿಕೊಂಡು ತಿರುಗಿದ್ದೇನೆ. ಅದು ಅರ್ಧ ಸುಳ್ಳು. ನನಗೂ ಆಸೆ ಇತ್ತು. ಆ ಶಾಲೆಯ ಹ್ಯಾಂಡ್ ಬಿಲ್ಲನ್ನೂ ನಾನೇ ಅಚ್ಚು ಹಾಕಿದ್ದೆ. ನಾನು ಅಚ್ಚು ಹಾಕಿದ ಸುಳ್ಳನ್ನು ನಾನೇ ನಂಬಿದೆ. ಹೋದ ವರ್ಷ ಕೆಲಸದವನು ರಜೆ ಹಾಕಿದ ದಿನ ಮಗಳಿಗೆ ಒಂದು ಲಗ್ನಪತ್ರಿಕೆಯ ಪ್ರೂಫ್ ನೋಡಲು ಕೊಟ್ಟೆ. 'ಜ್ಯೇಷ್ಠ ಪುತ್ರ' ಎಂಬಲ್ಲಿ ಒತ್ತು ಬಿಟ್ಟುಹೋಗಿತ್ತು, ಅವಳಿಗೆ ಕಾಣಲಿಲ್ಲ. ಹುಡುಗನ ಕಡೆಯವರು ಬಂದು ಬೈದು ಹೋದರು, ಇನ್ನೂರು ಪತ್ರಿಕೆ ಮತ್ತೆ ಅಚ್ಚು ಹಾಕಿದೆ. ದುಡ್ಡು ಹೋದದ್ದಕ್ಕೆ ಬೇಜಾರಿಲ್ಲ. ಅಕ್ಷರ ಜೋಡಿಸಿ ಬದುಕಿದವನ ಮಗಳು, "ಅಪ್ಪಾ, ನಂಗೆ ಒತ್ತಕ್ಷರ ಓದೋದು ಕಷ್ಟ" ಎಂದಳಲ್ಲ, ಅವತ್ತು ರಾತ್ರಿ ಊಟ ಸೇರಲಿಲ್ಲ.

ಆದ್ದರಿಂದ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಸೋತವನ ಅನುಭವ ಹೇಳುತ್ತಿದ್ದೇನೆ. ನಿಮಗೆ ಇನ್ನೂ ಮದುವೆಯಾಗಿಲ್ಲ, ಮಕ್ಕಳಿಲ್ಲ. ನಿಮಗೆ ಅವಕಾಶವಿದೆ.

ಹಾಗಾದರೆ ಏನು ಮಾಡಬೇಕು?

ಬೋರ್ಡಿಗೆ ಮಸಿ ಬಳಿಯಬೇಡಿ ಎನ್ನುವುದಿಲ್ಲ, ಅದರ ಹೊತ್ತು ಬಂದಾಗ ಅದೂ ಬೇಕು. ಆದರೆ ಮಸಿಗೆ ಖರ್ಚು ಮಾಡುವ ಉತ್ಸಾಹದಲ್ಲಿ ನಾಲ್ಕಾಣೆ ಪಾಲನ್ನು ಈ ಕೆಲಸಕ್ಕೆ ಕೊಡಿ.

ಒಂದು. ನೀವೆಲ್ಲ ಬೆಂಗಳೂರು, ಮೈಸೂರಿನಲ್ಲಿದ್ದೀರಿ. ಆದರೆ ಪ್ರತಿಯೊಬ್ಬರಿಗೂ ಒಂದು ಹಳ್ಳಿಯಿದೆ. ಮಾರ್ಚ್ ತಿಂಗಳಲ್ಲೇ, ವ್ಯಾನಿನವನು ಬರುವ ಮೊದಲೇ ಊರಿಗೆ ಹೋಗಿ. ಮೂರು ವರ್ಷ ತುಂಬಿದ ಮಕ್ಕಳ ಪಟ್ಟಿ ಅಂಗನವಾಡಿ ಕಾರ್ಯಕರ್ತೆಯ ಹತ್ತಿರ ಇರುತ್ತದೆ. ಆ ಮನೆಗಳಿಗೆ ಹೋಗಿ ಮಾತಾಡಿ. ಫಾದರೇ ಆಗಲಿ, ಹೆಡ್ ಮೇಷ್ಟ್ರೇ ಆಗಲಿ, ಶಾಲೆಯ ಖಾಲಿ ಕೊಠಡಿಯಲ್ಲಿ ಶಿಶುವಿಹಾರ ತೆರೆಯಲು ಒಪ್ಪಿಸಿ. ಮಗು ಮೂರನೇ ವರ್ಷಕ್ಕೆ ಹುಣಸೆಮರದ ಕೆಳಗೆ ಆಡಲು ಬಂದರೆ ಆರನೇ ವರ್ಷಕ್ಕೆ ವ್ಯಾನು ಹತ್ತುವುದಿಲ್ಲ.

ಎರಡು. ನಿಮಗೆ ಇಂಗ್ಲಿಷ್ ಬರುತ್ತದೆ. ಅದನ್ನು ಹೊತ್ತುಕೊಂಡು ಹಳ್ಳಿಗೆ ಹೋಗಿ. ತಿಂಗಳಿಗೆ ಎರಡು ಶನಿವಾರ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡಿ. ಕನ್ನಡ ಹೋರಾಟಗಾರ ಇಂಗ್ಲಿಷ್ ಕಲಿಸುವುದೇ ಎಂದು ಹುಬ್ಬೇರಿಸಬೇಡಿ. ಗಾರ್ಮೆಂಟ್ಸಿನ ಆ ತಾಯಿಯ ಪ್ರಶ್ನೆಗೆ ಅದೇ ಉತ್ತರ. ಇಂಗ್ಲಿಷ್ ಪಾಠ ಚೆನ್ನಾಗಿರುವ ಕನ್ನಡ ಶಾಲೆಯಿಂದ ಮಗುವನ್ನು ಬಿಡಿಸಲು ಯಾವ ತಾಯಿಗೂ ಕಾರಣ ಉಳಿಯುವುದಿಲ್ಲ.

ಮೂರು. ವ್ಯಾನು. ನಗಬೇಡಿ, ಅರ್ಧ ಅಡ್ಮಿಷನ್ ನಡೆಯುವುದೇ ವ್ಯಾನಿನ ಮೇಲೆ. ಎರಡು ಮೈಲಿ ದೂರದ ಹಟ್ಟಿಯಿಂದ ನಡೆದು ಬರಲಾರದ ಮಗುವನ್ನು ಬಾಗಿಲಿಗೆ ಬಂದ ವ್ಯಾನು ಎತ್ತಿಕೊಂಡು ಹೋಗುತ್ತದೆ. ನಿಮ್ಮ ಸಂಘದ ಒಂದು ರಾತ್ರಿಯ ಆರ್ಕೆಸ್ಟ್ರಾ ಖರ್ಚಿನಲ್ಲಿ ಒಂದು ಆಟೋವನ್ನು ಎಷ್ಟು ತಿಂಗಳು ಓಡಿಸಬಹುದು ಎಂದು ನೀವೇ ಲೆಕ್ಕ ಹಾಕಿ. ಬಿಲ್ಲು ನನ್ನ ಹತ್ತಿರವೂ ಇದೆ!

ನಾಲ್ಕು. ಫೀಸು ಬಾಕಿಯೆಂದು ಖಾಸಗಿ ಶಾಲೆಯವರು ಟಿ.ಸಿ. ಹಿಡಿದಿಟ್ಟುಕೊಂಡಿದ್ದಾರೆ, ಅದಕ್ಕೇ ಮಗುವನ್ನು ಬಿಡಿಸಲಾಗುತ್ತಿಲ್ಲ ಎನ್ನುವ ಮನೆಗಳಿವೆ. ಅವರಿಗೆ ತಿಳಿಸಿ ಹೇಳಿ: ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಬರುವ ಹಕ್ಕು ಮಗುವಿಗಿದೆ, ಟಿ.ಸಿ. ತಡವಾಯಿತೆಂದು ಪ್ರವೇಶ ನಿಲ್ಲಿಸಬಾರದು ಎನ್ನುತ್ತದೆ 2009ರ ಕಾಯ್ದೆಯ 5ನೇ ಕಲಮು. 2014ರ ತೀರ್ಪಿನ ನಂತರ ಚರ್ಚಿನ ಶಾಲೆಗೆ ಈ ಕಾಯ್ದೆಯ ಕಟ್ಟು ಇಲ್ಲ, ನಿಜ. ಆದರೆ ನಮ್ಮೂರ ಫಾದರ್ ಟಿ.ಸಿ. ಇಲ್ಲವೆಂದು ಯಾವ ಮಗುವನ್ನೂ ಗೇಟಿನಿಂದ ವಾಪಸು ಕಳಿಸಿಲ್ಲ.

ಐದು. ನಿಮ್ಮಲ್ಲಿ ಕ್ರೈಸ್ತ ಹುಡುಗ ಹುಡುಗಿಯರಿದ್ದೀರಿ. ನಿಮ್ಮ ಬಿಷಪ್ಪರಿಗೆ ನೀವೇ ಮನವಿ ಬರೆಯಿರಿ. ಹೊರಗಿನವರು ಕೂಗಿದರೆ ದ್ವೇಷ ಎನ್ನುತ್ತಾರೆ. ಮನೆ ಮಕ್ಕಳು ಕೇಳಿದರೆ ಉತ್ತರ ಕೊಡಲೇಬೇಕು. ಸಹಿ ಹಾಕಲು ನಾವೆಲ್ಲ ಜೊತೆಗಿರುತ್ತೇವೆ.

ಇಷ್ಟು ಮಾಡಿದರೆ ಕನ್ನಡ ಶಾಲೆಗಳೆಲ್ಲ ಉಳಿದುಬಿಡುತ್ತವೆ ಎಂದು ನಾನು ಹೇಳುವುದಿಲ್ಲ. ಒಂದು ಶಾಲೆ ಉಳಿಯಬಹುದು. ಸರ್ಕಾರದ ಆದೇಶದಿಂದ ಗೆಲ್ಲುತ್ತೇವೆ ಎಂದುಕೊಂಡೆವು, ಕೋರ್ಟು ತಡೆಯಿತು. ಕೋರ್ಟಿನಿಂದ ಗೆಲ್ಲುತ್ತೇವೆ ಎಂದುಕೊಂಡೆವು, ಅದೂ ಆಗಲಿಲ್ಲ. ತಂದೆತಾಯಿಯ ಆಯ್ಕೆಯೇ ದೊಡ್ಡದು ಎಂದು ತೀರ್ಪಾದ ಮೇಲೆ ಉಳಿದಿರುವ ದಾರಿ ಒಂದೇ, ಆ ತಂದೆತಾಯಿಯ ಜಗಲಿಗೆ ಹೋಗಿ ಕೂರುವುದು. ಅಲ್ಲಿಗೆ ಹೋಗಲು ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ.

ಫಾದರ್ ಕೇಳಿದ ಸ್ಟಿಕ್ಕರನ್ನು ನಾನು ಮಾಡಿಕೊಡಲಿಲ್ಲ. ಹಳೆಯ ಕಟ್ಟನ್ನು ಅಂಗಡಿಯಲ್ಲೇ ಇಟ್ಟುಕೊಂಡೆ. ಒಳ್ಳೆಯ ಕಾಗದದಲ್ಲಿ ಹೊಸದಾಗಿ ಐವತ್ತು ಅರ್ಜಿ ಅಚ್ಚು ಹಾಕಿ, ಅಂಚು ಕತ್ತರಿಸಿ, ಕಟ್ಟಿ ಕೊಟ್ಟೆ. "ಇಷ್ಟು ಬೇಡವಪ್ಪ, ಮತ್ತೆ ಉಳಿಯುತ್ತೆ" ಎಂದರು. "ಉಳಿದರೆ ನನ್ನ ಖರ್ಚು, ತಗೊಂಡು ಹೋಗಿ ಫಾದರ್" ಎಂದೆ. ಅದರಲ್ಲಿ ಹನ್ನೆರಡು ಖರ್ಚಾಗಿದೆ ಎಂದು ಮೊನ್ನೆ ತಿಳಿಯಿತು. ಒಂಬತ್ತು ಇದ್ದದ್ದು ಹನ್ನೆರಡು. ಉಳಿದ ಮೂವತ್ತೆಂಟು ಅರ್ಜಿ ಶಾಲೆಯ ಬೀರುವಿನಲ್ಲಿವೆ.

ನಿಮ್ಮೂರಿನ ಶಾಲೆಯ ಬೀರುವಿನಲ್ಲಿ ಎಷ್ಟು ಉಳಿದಿವೆ? ಈ ಭಾನುವಾರ ಹೋಗಿ ಕೇಳಿಕೊಂಡು ಬನ್ನಿ. ಮುಂದಿನ ನವೆಂಬರಿಗೆ ಪೋಸ್ಟರ್ ಮಾಡಿಸಲು ಬಂದಾಗ ನನಗೆ ಆ ಲೆಕ್ಕ ಹೇಳಿ. ಆ ಶಾಲೆಗೆ ಬೇಕಾದ ಅರ್ಜಿಯನ್ನು ಬಿಟ್ಟಿ ಅಚ್ಚು ಹಾಕಿಕೊಡುತ್ತೇನೆ. ಪೋಸ್ಟರಿಗೆ ಮಾತ್ರ ದುಡ್ಡು ತರಬೇಕು!

ಸಿರಿಗನ್ನಡಂ ಗೆಲ್ಗೆ.